ಟ್ಯಾಂಕಿನ ಎಡಮೂಲೆ

ಫೋಟೋದಲ್ಲಿ ಮುಚ್ಚಿಹೋದ ಕಣ್ಣನ್ನು ತೆರೆಯುವುದರಲ್ಲಿ ಸ್ಟುಡಿಯೋ ಅಕ್ಕನದು ಎತ್ತಿದ ಕೈ. ಗುಂಪಿನಲ್ಲಿ ಯಾರಾದರೂ ರೆಪ್ಪೆ ಬಡಿದಿದ್ದರೆ, ಇನ್ನೊಂದು ಫೋಟೋದಿಂದ ಅವರದೇ ಕಣ್ಣು ತಂದು ಕೂರಿಸುವಳು. ನೋಟ ಕೂದಲೆಳೆಯಷ್ಟು ಆಚೀಚೆಯಾದರೂ ಮುಖಕ್ಕೆ ಹೆಣದ ಕಳೆ ಬರುತ್ತದೆ ಎನ್ನುವಳು. ಯಾರು ಎತ್ತ ನೋಡುತ್ತಿದ್ದಾರೆಂದು ಅವಳಿಗೆ ಬೇರೆಯವರು ಹೇಳಬೇಕಾಗಿರಲಿಲ್ಲ.

ಗಂಡ ಊರಿಗೆ ನೀರು ಬಿಡುವವನು. ಚಳಿ ಬೀಳುವ ಮುಂಚೆ ಹದ್ದು, ಗಿಡುಗಗಳು ಊರಿನ ಮೇಲೆ ಹಾದು ದಕ್ಷಿಣಕ್ಕೆ ಹೋಗುವಾಗ ಇಬ್ಬರೂ ನೀರಿನ ಟ್ಯಾಂಕಿನ ನೆತ್ತಿ ಹತ್ತುತ್ತಿದ್ದರು. ಅವನು ಎಡಮೂಲೆಯಲ್ಲಿ ಕಂಬಿ ಹಿಡಿದು ನಿಂತು ಕೈ ಬೀಸಿ ಹಕ್ಕಿ ತೋರಿಸುವನು. ಇವಳು ಕ್ಯಾಮೆರಾ ಹಿಡಿಯುವಳು. ಎಡರೆಕ್ಕೆಯಲ್ಲಿ ಒಂದು ಗರಿ ಇಲ್ಲದ ಹದ್ದೊಂದು ಪ್ರತಿ ವರ್ಷ ಬರುತ್ತಿತ್ತು. ಅವನು ಅದನ್ನು ಹಲ್ಲುಮುರುಕ ಎಂದು ಕರೆಯುತ್ತಿದ್ದ.

ಈ ಬೇಸಿಗೆಯಲ್ಲಿ ಅವನು ಜ್ವರ ಹಿಡಿದು ಹೋಗಿಬಿಟ್ಟ. ಆಸ್ಪತ್ರೆಯ ಮಂಚದಲ್ಲೂ ಅದೇ ಮಾತು: "ಅಷ್ಟು ದೂರದಿಂದ ಬರುತ್ತೆ ಕಣೇ. ನೋಡೋಕೆ ಒಬ್ಬರಾದ್ರೂ ಇರಬೇಡ್ವಾ?"

ಅವಳು ಹೂಂ ಅಂದಿದ್ದಳು. ಆ ಹೂಂ ಎಂಬ ಮಾತೇ ಈಗ ಕೊರಳಿಗೆ ಬಿದ್ದಿತ್ತು. ಹಕ್ಕಿಗಳು ಬರುವ ಕಾಲಕ್ಕೆ, ಮಂಡಿನೋವಿನಲ್ಲಿ ಏಣಿ ಹತ್ತಕೂಡದೆಂದು ಮಗಳು ಹಟ ಹಿಡಿದಳು.

"ನಿನ್ನ ಮಂಡಿ ನನ್ನ ಮಾತಂತೂ ಕೇಳಲ್ಲ, ನಿನ್ನ ಮಾತಾದ್ರೂ ಕೇಳುತ್ತಾ ಅಮ್ಮಾ?"

ಆದರೂ ಹತ್ತಿದಳು. ಹಲ್ಲುಮುರುಕ ಬಂತು. ಫೋಟೋ ಚೆನ್ನಾಗಿಯೇ ಬಂತು.

ಮಧ್ಯಾಹ್ನ ಪಾಸ್‌ಪೋರ್ಟ್ ಫೋಟೋಗೆಂದು ಬಂದ ಪಶುವೈದ್ಯರಿಗೆ ಹೆಮ್ಮೆಯಿಂದ ಅಷ್ಟೂ ವರ್ಷಗಳ ಹದ್ದನ್ನು ಪರದೆಯ ಮೇಲೆ ಸಾಲಾಗಿ ತೋರಿಸಿದಳು. ಅವರು ಕನ್ನಡಕ ಸರಿಮಾಡಿಕೊಂಡರು.

"ಹದ್ದು ಹಳೇ ಗರಿ ಉದುರಿಸಿ ಹೊಸದು ಬೆಳೆಸ್ಕೊಳ್ಳುತ್ತೆ ಅಕ್ಕಾ. ಆ ಖಾಲಿ ಜಾಗ ಹಾಗೇ ಉಳಿಯಲ್ಲ. ಇವು ಬೇರೆ ಬೇರೆ ಹಕ್ಕಿ ಇರ್ಬೇಕು."

ಅವರು ಹೋದಮೇಲೆ ಅವಳು ಒಂದೊಂದನ್ನೂ ದೊಡ್ಡದು ಮಾಡಿ ನೋಡಿದಳು. ಹೌದು, ಒಂದರ ಕಣ್ಣು ಕಂದು, ಇನ್ನೊಂದರದು ಹಳದಿ. ಇಷ್ಟು ವರ್ಷ ಕಂಡಕಂಡವರನ್ನೆಲ್ಲ ನೆಂಟರೆಂದು ಕರೆದಂತಾಯಿತಲ್ಲ ಎಂದು ನಗು ಬಂತು. ನಗು ಅರ್ಧಕ್ಕೇ ನಿಂತಿತು. ಬೇರೆ ಬೇರೆ ಹಕ್ಕಿಗಳು, ನೋಟ ಮಾತ್ರ ಒಂದೇ. ಯಾವುದೂ ಕ್ಯಾಮೆರಾ ನೋಡಿರಲಿಲ್ಲ. ಎಲ್ಲವೂ ಅವಳ ಎಡಕ್ಕೆ, ಕೈ ಬೀಸುತ್ತಿದ್ದ ಗಂಡನತ್ತ ನೋಡಿದ್ದವು.

ಇವತ್ತಿನದೂ ಹಾಗೆಯೇ ನೋಡಿತ್ತು.

ಮರುದಿನ ಬೆಳಿಗ್ಗೆ ಮಗಳನ್ನು ಏಣಿಯ ಬುಡದಲ್ಲಿ ನಿಲ್ಲಿಸಿ ಮತ್ತೆ ಹತ್ತಿದಳು. ಎಡಮೂಲೆಯತ್ತ ಹೋಗಲಿಲ್ಲ, ತಿರುಗಿಯೂ ನೋಡಲಿಲ್ಲ. ಗಿಡುಗವೊಂದು ತಗ್ಗಿ ತೇಲಿ ಬಂತು. ರೆಕ್ಕೆಯಲ್ಲಿ ಎಲ್ಲ ಗರಿಯೂ ಇತ್ತು. ಅವಳನ್ನು ದಾಟುವಾಗ ಅದು ಕತ್ತು ಹೊರಳಿಸಿ ಎಡಮೂಲೆಯನ್ನು ನೋಡಿತು. ಅಲ್ಲಿ ಯಾರೋ ಅಡ್ಡ ನಿಂತಿದ್ದಾರೆಂಬಂತೆ ಚೂರು ಸರಿದು, ಬಳಸಿಕೊಂಡು ಹೋಯಿತು.

ಅವಳು ಗುಂಡಿ ಒತ್ತಲಿಲ್ಲ. ಕ್ಯಾಮೆರಾವನ್ನು ಚೀಲಕ್ಕೆ ಹಾಕಿ, ಮಂಡಿಗೆ ನೋವಾಗದಂತೆ ನಿಧಾನ ಇಳಿದಳು.

"ಬಂತಾ?" ಎಂದಳು ಮಗಳು.

"ಬಂತು. ನಾಳೆಯಿಂದ ಹತ್ತಲ್ಲ, ಬಿಡು."

"ಮತ್ತೆ ಅಪ್ಪಂಗೆ ಮಾತು ಕೊಟ್ಟಿದ್ದೀನಿ ಅಂತಿದ್ದೆ?"

"ನೋಡೋಕೆ ಅಲ್ಲಿ ಜನ ಇದಾರೆ."

ಮಗಳು ತಲೆಯೆತ್ತಿ ಟ್ಯಾಂಕಿನ ನೆತ್ತಿ ನೋಡಿದಳು. ತಾಯಿ ನೋಡಲಿಲ್ಲ. ಇಳಿದಾಗಲೆಲ್ಲ ತಪ್ಪದೆ ಹಾಕುತ್ತಿದ್ದ ಏಣಿಯ ಗೇಟಿನ ಚಿಲಕವನ್ನು, ಇನ್ನೊಬ್ಬರು ಇಳಿಯಬೇಕಿದೆಯೆಂಬಂತೆ ಹಾಗೇ ಬಿಟ್ಟು, ಸ್ಟುಡಿಯೋ ಕಡೆಗೆ ನಡೆದಳು.