ಅದಲುಬದಲಾದ ಮುಚ್ಚಳಗಳು

ಪ್ರಯೋಗಾಲಯದಲ್ಲಿ ಎಲ್ಲರೂ ಅವಳನ್ನು ಅಕ್ಕ ಎನ್ನುತ್ತಿದ್ದರು. ಬೆನ್ನ ಹಿಂದೆ ಮಾತ್ರ ‘ಹೆಡ್‌ಮೇಷ್ಟ್ರು’. ಇಪ್ಪತ್ತೆರಡು ವರ್ಷಗಳಿಂದ ಗಾಜಿನ ತಟ್ಟೆಗಳಲ್ಲಿ ನರಕೋಶಗಳನ್ನು ಸಾಕಿದವಳು. ಒಂದು ತಟ್ಟೆಯನ್ನೂ ಕೆಡಿಸಿದವಳಲ್ಲ, ಅದನ್ನು ಯಾರೂ ಮರೆಯಲು ಬಿಟ್ಟವಳೂ ಅಲ್ಲ. ಎರಡು ಮುಚ್ಚಳ ಒಟ್ಟಿಗೆ ತೆಗೆದವರ ಬೆವರಿಳಿಸದೆ ಬಿಡುತ್ತಿರಲಿಲ್ಲ.

ಹೊಸ ಸಂಶೋಧಕಿಯ ಮೂರು ತಿಂಗಳ ದುಡಿಮೆಯೆಲ್ಲ ಎರಡು ತಟ್ಟೆಗಳಲ್ಲಿತ್ತು. ಕೆಂಪು ಮುಚ್ಚಳದ್ದಕ್ಕೆ ಪಾಠ: ವಿದ್ಯುತ್ತಿನಿಂದ ಮೆಲ್ಲಗೆ ಚುಚ್ಚುವುದು, ಕೋಶಗಳು ಸರಿಯಾದ ಕಡೆಯಿಂದ ಮಿಡಿದೊಡನೆ ನಿಲ್ಲಿಸುವುದು. ಪಾಪ, ನೀಲಿ ಮುಚ್ಚಳದ್ದಕ್ಕೆ ಪಾಠವೇ ಇಲ್ಲ. ಹೇಗೆ ಮಿಡಿದರೂ ಚುಚ್ಚು ತನಗೆ ಬೇಕೆಂದಾಗ ನಿಲ್ಲುತ್ತದೆ. ಕೆಂಪಿನದು ದಿನದಿಂದ ದಿನಕ್ಕೆ ಚುರುಕಾಗುತ್ತಿತ್ತು. ಪಾಠದ ಹತ್ತನೆಯ ದಿನ ಇದ್ದಕ್ಕಿದ್ದಂತೆ ಮಂಕಾಯಿತು.

ಮರುದಿನ ಬೆಳಿಗ್ಗೆ ಕೋಶಗಳಿಗೆ ಪೋಷಕ ದ್ರವ ಹಾಕುವಾಗ, ಕೆಂಪು ಮುಚ್ಚಳದ ಕೆಳಗಿನ ತಟ್ಟೆಯ ಅಂಚಿನಲ್ಲಿ ಗೀರು ಕಂಡು ಅಕ್ಕ ಅದನ್ನು ಬೆಳಕಿಗೆ ಹಿಡಿದಳು. ಆ ಗೀರು ಮೊದಲಿನಿಂದ ಇದ್ದದ್ದು ನೀಲಿಯದರಲ್ಲಿ! ನಿನ್ನೆ ಅವಸರದಲ್ಲಿ ತಾನೇ ಎರಡನ್ನೂ ಒಟ್ಟಿಗೆ ತೆರೆದಿದ್ದು ನೆನಪಾಯಿತು. ಸುತ್ತ ಕಣ್ಣಾಡಿಸಿ, ಮುಚ್ಚಳಗಳನ್ನು ಸರಿಮಾಡಿ, ಕೈ ತೊಳೆದಳು.

ಅಷ್ಟರಲ್ಲಿ ಆ ಸಂಶೋಧಕಿ ಹುಡುಗಿ ಬಂದಳು. ಮುಖ ಸಪ್ಪಗಿತ್ತು. “ಕೋಶಗಳು ಸಾಯ್ತಿವೆ ಅನ್ಸುತ್ತೆ ಅಕ್ಕಾ. ಎರಡನ್ನೂ ಚೆಲ್ಲಿಬಿಡ್ತೀನಿ.”

ಸುಮ್ಮನಿದ್ದರೆ ಹೆಸರು ಉಳಿಯುತ್ತಿತ್ತು. ಹುಡುಗಿಯ ಕೈ ತಟ್ಟೆಯತ್ತ ಹೋದಾಗ ಅಕ್ಕನಿಗೆ ತಡೆಯಲಾಗಲಿಲ್ಲ.

“ಚೆಲ್ಬೇಡ ಕಣೇ. ಅವು ಚೆನ್ನಾಗೇ ಇವೆ. ನಿನ್ನೆ ನಾನು ಮುಚ್ಚಳ ಅದಲುಬದಲು ಮಾಡಿಬಿಟ್ಟೆ. ನೀನು ಪಾಠ ಹೇಳಿದ್ದು ನೀಲಿಗೆ.”

“ನೀವಾ?” ಎಂದಳು ಹುಡುಗಿ.

ಬೈದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ಅಕ್ಕನಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಇಬ್ಬರೂ ಕೆಂಪಿನ ತಟ್ಟೆಯನ್ನು ಯಂತ್ರಕ್ಕೆ ಜೋಡಿಸಿ ಪರದೆಯ ಮುಂದೆ ಕೂತರು. ಮೊದಲು ತಪ್ಪೇ ತಪ್ಪು. ಒಂದು ದಿನದ ಗೊಂದಲದಲ್ಲಿ ಕಲಿತದ್ದೆಲ್ಲ ಮರೆತಂತಿತ್ತು. ಆಮೇಲೆ ಒಂದು ಸರಿ. ಮತ್ತೊಂದು. ಒಂಬತ್ತು ದಿನ ಹಿಡಿದಿದ್ದ ಚುರುಕು ಅರ್ಧ ಗಂಟೆಯಲ್ಲಿ ಮರಳಿತ್ತು.

“ಅಕ್ಕಾ, ಪೂರ್ತಿ ಮರೆತಿರ್ಲಿಲ್ಲ ಇವು!” ಹುಡುಗಿ ಕುರ್ಚಿಯಿಂದ ಎದ್ದೇಬಿಟ್ಟಳು. “ಮುಂದಿನ ತಿಂಗಳು ಆರು ತಟ್ಟೆಗೆ ಇದೇ ತಪ್ಪು ಮಾಡೋಣ. ಬೇಕಂತಲೇ! ಅವೂ ಹೀಗೇ ನೆನಪಿಟ್ಕೊಳ್ತವಾ ನೋಡೋಣ.”

ಅಕ್ಕ ಕಣ್ಣೊರೆಸಿಕೊಂಡು ಪ್ರಯೋಗಾಲಯದ ದಿನಚರಿ ಪುಸ್ತಕ ತೆಗೆದಳು. ಹತ್ತನೆಯ ದಿನದ ಎದುರು ಏನು ತಪ್ಪಾಯಿತು, ಯಾರಿಂದ ಆಯಿತು ಎಂದು ದಪ್ಪ ಅಕ್ಷರಗಳಲ್ಲಿ ಬರೆದಳು.

“ಅಷ್ಟು ದಪ್ಪಕ್ಕೆ ಯಾಕಕ್ಕಾ? ಎಲ್ಲರಿಗೂ ಕಾಣುತ್ತೆ.”

“ಕಾಣ್ಲಿ ಬಿಡು,” ಎಂದಳು ಅಕ್ಕ. “ನೀನು ಇನ್ನೂ ಆರು ಸಲ ಮಾಡ್ಬೇಕಲ್ಲ, ನೋಡ್ಕೊಂಡು ಮಾಡು.”