ಶ್ರೀಶೈಲ ಹೇಳದೆ ಬಿಟ್ಟ ಮಾತು

ಅಲ್ಯೂಮಿನಿಯಂ ಪೈಪು ಬೇಕೆಂದರೆ ಇಂಡಿ, ಸಿಂದಗಿ, ಮುದ್ದೇಬಿಹಾಳದ ರೈತರೂ ಬಸವನ ಬಾಗೇವಾಡಿಯ ಶ್ರೀಶೈಲನ ಅಂಗಡಿಗೇ ಬರುತ್ತಿದ್ದರು. ಇಪ್ಪತ್ತು ಅಡಿಯ ತುಂತುರು ನೀರಾವರಿ ಪೈಪನ್ನು ಅವನು ಒಂದೇ ಕೈಯಲ್ಲಿ ಎತ್ತಿ ತೋರಿಸುವನು. ಕಬ್ಬಿಣದ ಮೂರನೇ ಒಂದು ಪಾಲು ತೂಕ, ವರ್ಷಗಟ್ಟಲೆ ನೀರಿನಲ್ಲಿದ್ದರೂ ಜಂಗು ಹಿಡಿಯದು, ವಿಮಾನದ ಮೈಯೂ ಇದರದೇ ಎನ್ನುವನು. ಒಂದು ಮಾತು ಮಾತ್ರ ಹೇಳುತ್ತಿರಲಿಲ್ಲ. ಅಂಗಡಿ ಹಾಕುವ ಮೊದಲು ಆರು ವರ್ಷ ಗುತ್ತಿಗೆದಾರನೊಬ್ಬನ ಕೈಕೆಳಗೆ ಕಂಬ ಹತ್ತಿ ಕರೆಂಟಿನ ತಂತಿ ಎಳೆದವನು ಅವನು. ಆ ತಂತಿಯೂ ಅಲ್ಯೂಮಿನಿಯಮ್ಮೇ. ಹಗುರ, ಮೇಲಾಗಿ ವಿದ್ಯುತ್ತು ಸಲೀಸಾಗಿ ಹರಿಯುತ್ತದೆ ಎಂದೇ ಅದನ್ನು ಎಳೆಯುವುದು. ಇದನ್ನು ಹೇಳಿದರೆ ಗಿರಾಕಿ ಹೆದರಿಯಾನು ಎಂದು ಸುಮ್ಮನಿರುತ್ತಿದ್ದ.

೧೯೯೮ರ ಬೇಸಿಗೆ ಶೇಂಗಾಕ್ಕೆಂದು ಮುಳವಾಡದ ಮಾಳಿಂಗ ಹೆಂಡತಿ ಸಾತವ್ವನ ಜೊತೆ ಬಂದ. ಹೆಣ್ಣುಮಕ್ಕಳಿಗೆ ಎತ್ತಲು ಆದೀತೇ ಎಂದು ಅವಳು ಅನುಮಾನಿಸಿದಳು. ಶ್ರೀಶೈಲ ಪೈಪನ್ನು ಅವಳ ಕೈಗೇ ಕೊಟ್ಟ. ಅವಳು ನಕ್ಕು ಒಪ್ಪಿದಳು.

ಹದಿನೈದು ದಿನವಾಗಿರಲಿಲ್ಲ. ಪೈಪಿನೊಳಗೆ ಹೊಕ್ಕ ಇಲಿಯನ್ನು ಬೀಳಿಸಲು ಸಾತವ್ವ ಅದನ್ನು ನೆಟ್ಟಗೆ ನಿಲ್ಲಿಸಿದಳು. ತುದಿ ಹೊಲದ ಮೇಲೆ ಹಾದುಹೋಗಿದ್ದ ಕರೆಂಟಿನ ತಂತಿಗೆ ತಗುಲಿತು. ಜೀವ ಉಳಿಯಿತು, ಬಲಗೈಯನ್ನು ಮೊಣಕೈವರೆಗೆ ತೆಗೆದರು.

ಸುದ್ದಿ ತಿಳಿದೂ ಶ್ರೀಶೈಲ ಒಂದು ತಿಂಗಳು ಆ ಕಡೆ ಹೋಗಲಿಲ್ಲ. ಅಂಗಡಿಯಲ್ಲಿ ಅದೇ ಮಾತು, ಅದೇ ವ್ಯಾಪಾರ. ಒಂದು ದಿನ ತಾಂಬಾ ಊರಿನ ಹೆಣ್ಣುಮಗಳೊಬ್ಬಳಿಗೆ ಪೈಪು ಎತ್ತಿಕೊಡಲು ಹೋದವನಿಗೆ ಕೈಯೇ ಏಳಲಿಲ್ಲ. ಬಾಗಿಲು ಹಾಕಿ ಮುಳವಾಡದ ಬಸ್ಸು ಹತ್ತಿದ.

ಸಾತವ್ವ ಶೇಂಗಾಕಾಯಿಯನ್ನು ಹಿಮ್ಮಡಿಯಲ್ಲಿ ಒತ್ತಿ, ಎಡಗೈಯಲ್ಲಿ ಕಾಳು ಆರಿಸುತ್ತಿದ್ದಳು. ಮಾಳಿಂಗ ನೀರು ತಂದುಕೊಟ್ಟು, ಯಾರದೂ ತಪ್ಪಲ್ಲ, ನಮ್ಮ ಹಣೇಬರಹ ಎಂದ. ಆ ಮಾತನ್ನು ಹಿಡಿದುಕೊಂಡು ಎದ್ದು ಬರಬಹುದಿತ್ತು. ಶ್ರೀಶೈಲ ನೀರನ್ನು ಕೆಳಗಿಟ್ಟು ಸಾತವ್ವನ ಕಡೆ ತಿರುಗಿದ.

"ಇದರಾಗ ಕರೆಂಟ್ ಹರಿತೈತಿ ಅಂತ ನನಗ ಗೊತ್ತಿತ್ತವ್ವ. ಮಾಲು ಮಾರಾಟ ಆಗಲಿ ಅಂತ ಹೇಳಲಿಲ್ಲ."

ಮಾಳಿಂಗ ಎದ್ದು ಒಳಗೆ ಹೋದ. ಸಾತವ್ವ ಇನ್ನೊಂದು ಕಾಯಿಯನ್ನು ಹಿಮ್ಮಡಿಯಲ್ಲಿ ಒತ್ತಿದಳು.

"ನನಗ ಈಗ ಹೇಳಿ ಏನ್ ಬಂತು?" ಎಂದಳು. "ಹೊಲದಾಗ ಪೈಪ್ ಹೊರಾವ್ರಿಗೆ ಹೋಗಿ ಹೇಳು."

ಆ ವರ್ಷವೆಲ್ಲ ಅವನು ತನ್ನಿಂದ ಪೈಪು ಕೊಂಡವರ ಹೊಲ ಹೊಲಕ್ಕೂ ಹೋದ. ತಂತಿಯ ಕೆಳಗೆ ಪೈಪು ನಿಲ್ಲಿಸಬೇಡಿ, ಅಡ್ಡಲಾಗಿಯೇ ಹೊರಿರಿ ಎಂದು ಹೇಳಿ, ತುದಿಗೆ ಕೆಂಪು ಬಣ್ಣ ಬಳಿದ. ಕೆಲವರು ಮೊದಲೇ ಯಾಕೆ ಹೇಳಲಿಲ್ಲ ಎಂದು ಬೈದರು. ಅವರಿಗೂ ನಿಜವನ್ನೇ ಹೇಳಿದ. ಗಿರಾಕಿ ಕಡಿಮೆಯಾದರು.

ಮುಳವಾಡಕ್ಕೆ ಆಗಾಗ ಹೋಗುತ್ತಲೇ ಇದ್ದ. ಸಾತವ್ವ ಒಂದೆರಡು ಮಾತಾಡುವಳು. ಮಾಳಿಂಗ ಮಾತ್ರ ಅವನನ್ನು ಕಂಡರೆ ಹೊಲದ ದಾರಿ ಹಿಡಿಯುತ್ತಿದ್ದ.