ಇಪ್ಪತ್ನಾಲ್ಕನೇ ನಂಬರಿನ ಐದನೇ ಫೌಲು

ಶಿವರಾಜ, ಆ ದಿನ ನಿನಗೆ ಐದು ಫೌಲು ಆಗಿರಲಿಲ್ಲ. ಐದನೆಯದು ನನ್ನ ಪೆನ್ನಿನಿಂದ ಆದದ್ದು. ಕೈತಪ್ಪಿ ಬರೆದೆ — ಅದಿರಲಿ, ಅದು ಯಾರಿಗಾದರೂ ಆಗುತ್ತದೆ. ಆದರೆ ತಪ್ಪೆಂದು ಗೊತ್ತಾದ ಮೇಲೂ, ತಿದ್ದಲು ಸಮಯವಿದ್ದಾಗಲೂ, ನಾನು ಬಾಯಿ ಬಿಡಲಿಲ್ಲ. ಏಳು ವರ್ಷದಿಂದ ನಿನ್ನ ಹೆಸರಿಗೆ ಅಂಟಿಕೊಂಡಿರುವ ಮಸಿ ನನ್ನದು.

ಇಷ್ಟನ್ನು ಮೊದಲೇ ಬರೆದು ಹಾಕಿದೆ. ನನ್ನನ್ನು ನಾನು ಬಲ್ಲೆ. ಪುಣೆಯ ಬಿಸಿಲು, ನನ್ನ ಮೊಣಕಾಲು, ಹಳೆಯ ಪಂದ್ಯಗಳ ಸುದ್ದಿ ಎಂದು ಊರೆಲ್ಲ ಸುತ್ತಿ ಕೊನೆಗೆ 'ಮನೆಯವರಿಗೆಲ್ಲ ನಮಸ್ಕಾರ' ಎಂದು ಮುಗಿಸುವ ಜಾತಿಯ ಮನುಷ್ಯ ನಾನು. ಹಾಗೆ ಮುಗಿಸಿದ ಕಾಗದಗಳು ಈಗಾಗಲೇ ಮೂರು ಆಗಿವೆ, ಮೂರನ್ನೂ ಹರಿದಿದ್ದೇನೆ.

ಕಳೆದ ವಾರ ನೀನು ಫೋನ್ ಮಾಡಿದೆಯಲ್ಲ, ಅಂದಿನಿಂದ ನನಗೆ ಊಟ ಸೇರುತ್ತಿಲ್ಲ. ಈ ಸಲದ ಬ್ಯಾಸ್ಕೆಟ್‌ಬಾಲ್ ಲೀಗ್ ಶುರುವಾಗುವ ರವಿವಾರ ನನಗೆ ಸತ್ಕಾರ ಮಾಡುತ್ತಾರೆಂದು ನಿನಗೆ ಯಾರೋ ಹೇಳಿದ್ದರು. ಶಾಲು, ತೆಂಗಿನಕಾಯಿ, ಮೇಲೊಂದು ಫಲಕ. ಫಲಕದ ಮೇಲೆ ಏನು ಬರೆಸಿದ್ದಾರೆಂದು ಗೊತ್ತೇ? 'ಇಪ್ಪತ್ತೆಂಟು ವರ್ಷ, ಒಂದೂ ತಪ್ಪಿಲ್ಲದ ಲೇಖನಿ'. ನೀನು ಅಂದೆ, "ಕಾಕಾರ, ನಾನೂ ಬರ್ತೇನ್ರಿ. ನಮ್ಮ ಸಾಲಿ ಹುಡುಗರನ್ನೂ ಕರ್ಕೊಂಡ ಬರ್ತೇನಿ. ನಿಮ್ಮ ಕಾಲಿಗೆ ಬೀಳಸ್ತೇನಿ ಅವರನ್ನ." ನಾನು "ಬಾರಪಾ, ಬಾ" ಎಂದೆ.

ಈ ಕಾಗದವನ್ನು ಆ ಹುಡುಗರಿಗೂ ಓದಿ ಹೇಳು ಎಂಬುದು ನನ್ನ ಬೇಡಿಕೆ. ಆದ್ದರಿಂದ ನಿನಗೆ ಗೊತ್ತಿರುವುದನ್ನೂ ಬಿಡಿಸಿ ಬರೆಯುತ್ತೇನೆ, ಬೇಸರಪಡಬೇಡ.

ನಾನು ಪುಣೆಯ ಖಡಕಿಯ ಕಾರ್ಖಾನೆಯಲ್ಲಿ ಗುಮಾಸ್ತನಾಗಿದ್ದವನು. ಧಾರವಾಡ ಬಿಟ್ಟು ಬಂದ ಮೇಲೆ ಸಂಜೆ ಹೊತ್ತು ಹೋಗದೆ ಬ್ಯಾಸ್ಕೆಟ್‌ಬಾಲ್ ಅಂಗಳದ ಬದಿಗೆ ನಿಲ್ಲುತ್ತಿದ್ದೆ. ಆಡಲು ನನಗೆ ಎತ್ತರವಿರಲಿಲ್ಲ, ಅಕ್ಷರ ಮಾತ್ರ ದುಂಡಗಿತ್ತು. ಹಾಗಾಗಿ ಸ್ಕೋರರನ ಕುರ್ಚಿ ಸಿಕ್ಕಿತು. ಮೈದಾನದ ನಡುಗೆರೆಯ ಎದುರಿಗೆ ಒಂದು ಮೇಜು, ಅದರ ಮೇಲೆ ಉದ್ದನೆಯ ಸ್ಕೋರ್‌ಶೀಟು. ಆಟದ ನಾಲ್ಕು ಭಾಗಗಳಲ್ಲಿ ಮೊದಲ ಮತ್ತು ಮೂರನೇ ಕ್ವಾರ್ಟರನ್ನು ಕೆಂಪು ಶಾಯಿಯಲ್ಲಿ, ಎರಡನೆಯದನ್ನೂ ನಾಲ್ಕನೆಯದನ್ನೂ ನೀಲಿಯಲ್ಲಿ ಬರೆಯಬೇಕು. ಯಾರು ಫೌಲು ಮಾಡಿದರೂ ರೆಫರಿ ಮೇಜಿನ ಕಡೆ ತಿರುಗಿ ಕೈಬೆರಳಿನಲ್ಲಿ ಆಟಗಾರನ ನಂಬರು ತೋರಿಸುತ್ತಾನೆ — ಮೊದಲು ಕೈಯ ಬೆನ್ನಿನಿಂದ ಹತ್ತರ ಸ್ಥಾನ, ಆಮೇಲೆ ಅಂಗೈಯಿಂದ ಬಿಡಿಸ್ಥಾನ. ನಾನು ಆ ನಂಬರಿನ ಮುಂದೆ ಗುರುತು ಹಾಕಿ, ಅವನಿಗೆ ಅದು ಎಷ್ಟನೇ ಫೌಲು ಎಂಬ ಅಂಕಿಯ ಹಲಗೆಯನ್ನು ಎತ್ತಿ ಕೋಚುಗಳಿಗೆ ತೋರಿಸಬೇಕು. ಐದಾದರೆ ಆಟಗಾರ ಹೊರಗೆ. ಪಂದ್ಯದ ಕೊನೆಗೆ ರೆಫರಿಯ ಸಹಿ ಬೀಳುವ ತನಕ ಶೀಟಿನ ತಪ್ಪನ್ನು ತಿದ್ದಬಹುದು. ಸಹಿ ಬಿದ್ದ ಮೇಲೆ ಮುಗಿಯಿತು.

ಆರು ಊರಿನ ತಂಡಗಳ ಆ ಲೀಗು ಶುರುವಾದ ಮೊದಲ ಸೀಸನ್ ಅದು. ಆಡುವವರಿಗೆ ಸಂಬಳ, ಬೆನ್ನ ಮೇಲೆ ಹೆಸರು, ಹಿಂಜವಾಡಿಯ ಐಟಿ ಕಂಪನಿಗಳಿಂದ ಬಸ್ಸಿನಲ್ಲಿ ಬರುವ ಪ್ರೇಕ್ಷಕರು. ಪುಣೆ ತಂಡದಲ್ಲಿ 24ನೇ ನಂಬರು ನೀನು. ಮೊದಲ ವಾರವೇ ನೀರು ಕುಡಿಯಲು ಬಂದ ನೀನು, ನಾನು ಮನೆಗೆ ಫೋನಿನಲ್ಲಿ ಕನ್ನಡ ಮಾತಾಡುವುದನ್ನು ಕೇಳಿ ಹಿಗ್ಗಿ ಹೀರೇಕಾಯಿಯಾದೆ. "ನೀವು ನಮ್ಮವರೇನ್ರಿ? ನಮ್ಮವ್ವ ಅಕ್ಕಲಕೋಟದಾಕಿ. ಇಂದಾಪುರದಾಗ ಮನೀ ಒಳಗ ಕನ್ನಡಽ ಮಾತಾಡ್ತೀವ್ರಿ." ಅಂದಿನಿಂದ ನಾನು ಕಾಕಾ. ನಿನಗೊಂದು ಚಟವಿತ್ತು — ಫೌಲು ಆದಾಗಲೆಲ್ಲ ಬಾಯೊಳಗೇ 'ಒಂದಾತು, ಎರಡಾತು' ಎಂದು ಕನ್ನಡದಲ್ಲಿ ಎಣಿಸಿಕೊಳ್ಳುವುದು. ಅದನ್ನು ಕಂಡು ನಾನು ಚೇಷ್ಟೆ ಮಾಡಿದ್ದೆ. "ಎಣಸೂದು ನನ್ನ ಕೆಲಸ, ಆಡೂದು ನಿನ್ನ ಕೆಲಸ. ನನ್ನ ಮ್ಯಾಲ ಬಿಟ್ಟ ಬಿಡು." ಆ ಮಾತು ನೆನಪಿದೆಯೇ ನಿನಗೆ? ನನಗಂತೂ ಮರೆಯುತ್ತಿಲ್ಲ.

ಆ ಪಂದ್ಯ ಗೆದ್ದಿದ್ದರೆ ಪುಣೆ ಸೆಮಿಫೈನಲ್ಲಿಗೆ. ಅದಕ್ಕಿಂತ ದೊಡ್ಡ ಸಂಗತಿಯನ್ನು ನೀನು ನನಗೊಬ್ಬನಿಗೇ ಹೇಳಿದ್ದೆ. ಕ್ರೀಡಾ ಕೋಟಾದ ನೌಕರಿಗೆ ಆಟಗಾರರನ್ನು ಆರಿಸುವ ಇಬ್ಬರು ಸಾಹೇಬರು ನಿನ್ನನ್ನು ನೋಡಲೆಂದೇ ಮುಂಬಯಿಯಿಂದ ಬಂದು ಗ್ಯಾಲರಿಯಲ್ಲಿ ಕೂತಿದ್ದರು.

ಎರಡನೇ ಕ್ವಾರ್ಟರು ಶುರುವಾಗಿ ಐದಾರು ಸೆಕೆಂಡಾಗಿರಬೇಕು. ನಾನಿನ್ನೂ ಕೆಂಪು ಪೆನ್ನು ಮುಚ್ಚಿ ನೀಲಿ ಪೆನ್ನಿನ ಟೋಪಿ ತೆಗೆಯುತ್ತಿದ್ದೆ. ಸೀಟಿ ಕೇಳಿಸಿತು. ತಲೆ ಎತ್ತುವಷ್ಟರಲ್ಲಿ ರೆಫರಿಯ ಕೈ ಅರ್ಧ ತೋರಿಸಿಯಾಗಿತ್ತು. ನಾಲ್ಕು, ಎರಡು ಕಂಡವು. ಅದು ನಲವತ್ತೆರಡು, ನಿಮ್ಮ ತಂಡದ ಆ ಎತ್ತರದ ಸೆಂಟರ್ ಆಟಗಾರ. ನಾನು ಬರೆದದ್ದು ಇಪ್ಪತ್ನಾಲ್ಕರ ಮುಂದೆ. ಮರಾಠಿ ಎಣಿಕೆಯಲ್ಲಿ ಬಿಡಿಸ್ಥಾನ ಮೊದಲು ಬರುತ್ತದೆ, ಮೇಜಿನಲ್ಲಿ ಮರಾಠಿ ಮನೆಯಲ್ಲಿ ಕನ್ನಡ ಎಂದು ತಲೆ ಎರಡು ಹೋಳಾಗಿತ್ತು — ಹೀಗೆಲ್ಲ ನನಗೆ ನಾನೇ ವಕಾಲತ್ತು ಮಾಡಿಕೊಂಡದ್ದುಂಟು. ಬಿಡು. ಪಕ್ಕದವರನ್ನು ಕೇಳಬಹುದಿತ್ತು, ಕೇಳಲಿಲ್ಲ. ನಿನಗೂ ಅವನಿಗೂ ಆಗ ಒಂದೊಂದೇ ಫೌಲು ಆಗಿದ್ದರಿಂದ ನಾನೆತ್ತಿದ 'ಎರಡು' ಎಂಬ ಹಲಗೆ ಯಾರಿಗೂ ತಪ್ಪೆನಿಸಲಿಲ್ಲ. ಮುಂದೆ ನಿನ್ನ ಕೋಚು ನಂಬಿದ್ದು ಹಲಗೆಯನ್ನು. ನೀನು ನಂಬಿದ್ದು ನಿನ್ನ ಬಾಯೆಣಿಕೆಯನ್ನು.

ಕೊನೆಯ ಕ್ವಾರ್ಟರಿನಲ್ಲಿ ಎರಡು ನಿಮಿಷಕ್ಕೂ ಕಡಿಮೆ ಉಳಿದಿತ್ತು. ಪುಣೆ ಮೂರು ಅಂಕ ಮುಂದೆ. ನೀನು ಎದುರಾಳಿಯ ಕೈಗೆ ಹೊಡೆದೆ, ನಾನು 'ಐದು' ಎಂಬ ಹಲಗೆ ಎತ್ತಿದೆ. ನೀನು ನಂಬಲಿಲ್ಲ. ಓಡಿ ಮೇಜಿನ ಹತ್ತಿರ ಬಂದೆ. ರೆಫರಿಯನ್ನು ಕೇಳಲಿಲ್ಲ, ಪಂದ್ಯದ ಮೇಲುಸ್ತುವಾರಿ ನೋಡುವ ಕಮಿಷನರನ್ನೂ ಕೇಳಲಿಲ್ಲ. ಬಗ್ಗಿ ನನ್ನ ಮುಖ ನೋಡಿ, ಬೇರೆ ಯಾರಿಗೂ ತಿಳಿಯದಂತೆ, ನಮ್ಮ ಭಾಷೆಯಲ್ಲಿ ಕೇಳಿದೆ.

"ಕಾಕಾರ, ನನಗ ನಾಕಽ ಆಗ್ಯಾವ್ರಿ. ಒಂದ್ಸಲ ನೋಡ್ರಿ."

ನೋಡಿದೆ. ಐದು ಗುರುತುಗಳಲ್ಲಿ ಆ ಮೊದಲ ನೀಲಿ ಗುರುತಿನ ಮೇಲೆ ಕಣ್ಣು ನಿಂತಿತು. ಎರಡನೇ ಕ್ವಾರ್ಟರಿನ ಆರಂಭ — ಆಗ ನೀನು ಎಲ್ಲಿದ್ದೆ? ಬೆಂಚಿನ ಮೇಲೆ ತಲೆಗೆ ಟವೆಲ್ ಹೊದ್ದು ಬಾಳೆಹಣ್ಣು ತಿನ್ನುತ್ತಿದ್ದೆ. ಸಿಪ್ಪೆ ಹಿಡಿದುಕೊಂಡು ಎಲ್ಲಿ ಒಗೆಯಲಿ ಎಂದು ಹುಡುಕುತ್ತಿದ್ದದ್ದು ಕೂಡ ನನಗೆ ಕಂಡಿತ್ತು. ಬೆಂಚಿನ ಮೇಲಿದ್ದವನು ಫೌಲು ಮಾಡುವುದು ಹೇಗೆ? ನನಗೆ ಅನುಮಾನ ಬರಲಿಲ್ಲ, ಶಿವರಾಜ. ಖಾತ್ರಿಯಾಯಿತು.

ಬಜರಿನ ಗುಂಡಿ ನನ್ನ ಕೈಯಿಂದ ಒಂದು ಗೇಣು ದೂರದಲ್ಲಿತ್ತು. ಒತ್ತಿದ್ದರೆ ರೆಫರಿ ಬರುತ್ತಿದ್ದ, ಶೀಟು ತಿದ್ದಿ ನಿನ್ನನ್ನು ಮತ್ತೆ ಒಳಗೆ ಕಳಿಸುತ್ತಿದ್ದ.

ಆದರೆ ಆ ಹಿಂದಿನ ವಾರ ಒಂದು ಸಂಗತಿ ನಡೆದಿತ್ತು. ಪ್ರಾಜಕ್ತಾ ಎಂಬ ಹುಡುಗಿ ಹೊಸದಾಗಿ ಸ್ಕೋರರ್ ಆಗಿ ಬಂದಿದ್ದಳು. ಒಂದು ಅಂಕವನ್ನು ಬೇರೆ ತಂಡಕ್ಕೆ ಬರೆದು, ತಾನೇ ಬಜರು ಒತ್ತಿ, ಎದ್ದು ನಿಂತು ಒಪ್ಪಿಕೊಂಡಳು. ಅದಕ್ಕೆ ನಾನು ಎಲ್ಲರೆದುರು, ಮರಾಠಿಯಲ್ಲಿ, ದೊಡ್ಡ ದನಿಯಲ್ಲಿ, 'ತಪ್ಪು ಬರೆಯುವವರಿಗೆ ಈ ಮೇಜಿನಲ್ಲಿ ಕೆಲಸವಿಲ್ಲ' ಎಂದು ಬೈದೆ. ಅವಳು ಕಣ್ಣೊರೆಸಿಕೊಂಡು ಹೋದವಳು ತಿರುಗಿ ಬರಲಿಲ್ಲ. ಈಗ ಗುಂಡಿ ಒತ್ತಿದರೆ ನನ್ನ ಮಾತೇ ನನ್ನ ಕುರ್ಚಿ ಕಸಿಯುತ್ತಿತ್ತು. ಮುಂದಿನ ಸೀಸನ್ನಿಗೆ ಮುದುಕರ ಪೆನ್ನು ಬೇಡ, ಟ್ಯಾಬ್ಲೆಟ್ ತರೋಣ ಎಂದು ಆಗಲೇ ಕೆಲವರು ಗುಸುಗುಸು ಮಾಡುತ್ತಿದ್ದರು. ಹೆದರಿದೆ. ಒಂದು ಕುರ್ಚಿಗೆ ಹೆದರಿದೆ — ಅದೂ ಪ್ಲಾಸ್ಟಿಕ್ ಕುರ್ಚಿ.

ನೀನು ಕನ್ನಡದಲ್ಲಿ ಕೇಳಿದೆ. ನಾನು ಮರಾಠಿಯಲ್ಲಿ ಉತ್ತರಿಸಿದೆ. "ಪಾಚ್ ಝಾಲೇತ. ಬಾಹೇರ್ ಬಸ್." ಐದಾಗಿವೆ, ಹೊರಗೆ ಕೂತುಕೋ.

ಇಡೀ ಪ್ರಕರಣದಲ್ಲಿ ನನಗೆ ಅತ್ಯಂತ ನಾಚಿಕೆಯೆನಿಸುವುದು ಇದು. ಕನ್ನಡದಲ್ಲಿ ಸುಳ್ಳಾಡಲು ನಾಲಗೆ ಹೊರಳಲಿಲ್ಲ. ಅದಕ್ಕೆ ನಿನ್ನನ್ನು ಪರಕೀಯನನ್ನಾಗಿ ಮಾಡಿಕೊಂಡೆ. ನಿನ್ನ ಮುಖ ಹೇಗಾಯಿತೆಂದು ನಾನು ನೋಡಲಿಲ್ಲ. ಪೆನ್ನಿನ ತುದಿ ನೋಡುತ್ತಿದ್ದೆ.

ಆಮೇಲೆ ನೀನು ನಾಲ್ಕೇ ನಾಲ್ಕು ಎಂದು ಎಲ್ಲರಿಗೂ ಕೇಳುವಂತೆ ಕೂಗಿ ಕುರ್ಚಿ ಒದ್ದೆ. ರೆಫರಿ ನಿನ್ನನ್ನು ಅಂಗಳದಿಂದಲೇ ಆಚೆಗೆ ಕಳಿಸಿದ. ಪುಣೆ ಒಂದು ಅಂಕದಿಂದ ಸೋತಿತು. ಮುಗಿದ ಮೇಲೂ ಹತ್ತು ನಿಮಿಷವಿತ್ತು — ಶೀಟು ಕೂಡಿಸಿ, ಗೆರೆ ಎಳೆದು, ರೆಫರಿಯ ಮುಂದೆ ಇಡುವ ತನಕ. ಆ ಹತ್ತು ನಿಮಿಷ ನನ್ನ ಅಂಗಿ ಬೆನ್ನಿಗೆ ಅಂಟಿತ್ತು. ನಿನ್ನ ಕೋಚು ಬಂದು ಕೂಗಾಡಿದ. ಕಮಿಷನರು ಶೀಟಿನ ಮೇಲೆ ಬೆರಳಿಟ್ಟು, "ದೇಸಾಯಿ ಕಾಕಾ ಬರೆದಿದ್ದಾರೆ ಅಂದ ಮೇಲೆ ಮುಗೀತು" ಎಂದರು. ಆ ನಂಬಿಕೆಯನ್ನು ಕೇಳಿಯೂ ಬಾಯಿ ಮುಚ್ಚಿಕೊಂಡಿದ್ದೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎನ್ನುತ್ತಾರಲ್ಲ, ಹಾಗೆ. ರೆಫರಿ ಸಹಿ ಹಾಕಿದ. ನನಗೆ — ಬರೆಯಲೂ ಕಷ್ಟವಾಗುತ್ತದೆ — ಒಂದು ಕ್ಷಣ ಸಮಾಧಾನವಾಯಿತು.

ಅದು ಆ ರಾತ್ರಿಯ ಮಟ್ಟಿಗೂ ಉಳಿಯಲಿಲ್ಲ. ಯಾರಾದರೂ ಮೊಬೈಲಿನಲ್ಲಿ ಎರಡನೇ ಕ್ವಾರ್ಟರನ್ನು ಹಿಡಿದಿದ್ದರೆ? ತಿಂಗಳುಗಟ್ಟಲೆ ಹುಡುಕಿದೆ. ಇದ್ದದ್ದೆಲ್ಲ ಕೊನೆಯ ನಿಮಿಷಗಳು, ನೀನು ಕುರ್ಚಿ ಒದೆಯುವುದು. ಫೋನ್ ರಿಂಗಾದರೆ ಎದೆ ಹಾರುತ್ತಿತ್ತು. ಯಾರಾದರೂ ತಮಾಷೆಗೆ 'ಕಾಕಾ, ಲೆಕ್ಕ ತಪ್ಪಿತೇ?' ಎಂದರೆ, ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಳ್ಳುತ್ತಿದ್ದೆ. ನಿನಗೆ ಒಂದು ಸೀಸನ್ ನಿಷೇಧವಾಯಿತು. ಮುಂಬಯಿಯ ಸಾಹೇಬರು 'ಆಟ ಚೆನ್ನಾಗಿದೆ, ತಲೆ ಸರಿಯಿಲ್ಲ, ಸುಳ್ಳು ಬೇರೆ ಹೇಳುತ್ತಾನೆ' ಎಂದು ಎದ್ದು ಹೋದರೆಂದು ಕೇಳಿದೆ. ನಿಷೇಧ ಮುಗಿದ ಮೇಲೂ ಯಾವ ತಂಡವೂ ನಿನ್ನನ್ನು ಕರೆಯಲಿಲ್ಲ. ನೀನು ಇಂದಾಪುರಕ್ಕೆ ಹೋಗಿ ಶಾಲೆಯಲ್ಲಿ ಕಾಯಂ ಅಲ್ಲದ ಪಿ.ಟಿ. ಮಾಸ್ತರನಾದೆ.

ನೀನು ನನ್ನನ್ನು ಬೈದಿದ್ದರೆ ಈ ಕಾಗದ ಹುಟ್ಟುತ್ತಿತ್ತೋ ಇಲ್ಲವೋ — ಗೊತ್ತಿಲ್ಲ. ನೀನು ಬೈಯಲಿಲ್ಲ. ಪ್ರತಿ ದೀಪಾವಳಿಗೆ ಫೋನ್ ಮಾಡಿದೆ. ಕಳೆದ ವಾರ ನಾನು ಧೈರ್ಯ ಮಾಡಿ ಆ ಪಂದ್ಯದ ಮಾತೆತ್ತಿದಾಗ ನೀನು ನಕ್ಕುಬಿಟ್ಟೆ. "ಅದನ್ಯಾಕ ತಗೀತೀರಿ ಕಾಕಾರ, ನಂದಽ ತಪ್ಪ. ನೀವು ಎಂದರ ತಪ್ಪ ಬರದೀರೇನು? ನಾನಽ ಒಂದ ಎಣಸೂದು ಬಿಟ್ಟಿದ್ದೆ. ಹುಡುಗರಿಗೂ ಅದನ್ನಽ ಹೇಳತೇನಿ. ನನ್ನಂಗ ಮಾಡಬ್ಯಾಡ್ರಿ, ನೆಟ್ಟಗ ಎಣಸ್ರಿ ಅಂತ."

ಇದು ನನಗೆ ತಡೆಯಲಾಗುತ್ತಿಲ್ಲ. ನೌಕರಿ ಹೋದದ್ದು, ಆಟ ಹೋದದ್ದು ನನಗೆ ಗೊತ್ತಿತ್ತು. ನಿನ್ನ ಎಣಿಕೆಯ ಮೇಲಿನ ನಂಬಿಕೆಯನ್ನೂ ನಾನು ಕಿತ್ತುಕೊಂಡಿದ್ದೇನೆಂದು ಗೊತ್ತಿರಲಿಲ್ಲ. ಸರಿಯಾಗಿ ಎಣಿಸಿದವನು ನೀನೊಬ್ಬನೇ, ಮತ್ತು ನೀನೇ ಎಣಿಸಲು ಬಾರದವನೆಂದು ಮಕ್ಕಳೆದುರು ಹೇಳಿಕೊಳ್ಳುತ್ತಿದ್ದೀಯ.

ಸತ್ಕಾರ ಬೇಡವೆಂದು ಲೀಗಿನವರಿಗೆ ಬರೆದಿದ್ದೇನೆ, ಕಾರಣವನ್ನೂ ಬರೆದಿದ್ದೇನೆ. ಪ್ರಾಜಕ್ತಾ ಈಗ ಎಲ್ಲಿದ್ದಾಳೆಂದು ವಿಚಾರಿಸುತ್ತಿದ್ದೇನೆ, ಅವಳ ಮನೆಗೂ ಹೋಗಬೇಕು. ನಿನ್ನ ನೌಕರಿ ಇದರಿಂದ ಬರುವುದಿಲ್ಲ, ಅದು ನನಗೆ ಗೊತ್ತು. ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ನೀನು ಕ್ಷಮಿಸಿಬಿಡುತ್ತೀ, ಅದೇ ನನಗೆ ಭಯ.

ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ಶನಿವಾರ ಸ್ವಾರಗೇಟಿನಿಂದ ಎಸ್‌ಟಿ ಬಸ್ಸು ಹಿಡಿದು ನಾನೇ ತರುತ್ತೇನೆ. ನೀನು ಶಾಲೆಯ ಅಂಗಳದಲ್ಲಿರುತ್ತೀ, ಹುಡುಗರೂ ಇರುತ್ತಾರೆ. ನನ್ನನ್ನು ಕಂಡು ಓಡಿ ಬರುತ್ತೀ, ಕಾಲಿಗೆ ಬಾಗಲು ಹೋಗುತ್ತೀ — ಅಷ್ಟರೊಳಗೆ ಹೇಳಿ ಮುಗಿಸಬೇಕು. ಬಾಯಿ ಒಣಗಿ ನಿಂತುಬಿಟ್ಟರೆ ಎಂದು ಹೆದರಿ, ಮೂರು ದಿನದಿಂದ ಅಡುಗೆಮನೆಯಲ್ಲಿ ನಿಂತು ಒಂದೇ ಮಾತನ್ನು ಗಟ್ಟಿಯಾಗಿ ಅಭ್ಯಾಸ ಮಾಡುತ್ತಿದ್ದೇನೆ. ಅಂದು ಮೇಜಿನ ಮುಂದೆ ಬಗ್ಗಿ ನೀನು ಕೇಳಿದ್ದಕ್ಕೆ, ನೀನು ಕೇಳಿದ ಭಾಷೆಯಲ್ಲೇ, ನಾನು ಕೊಡಬೇಕಾಗಿದ್ದ ಉತ್ತರ ಅದು.

"ಹೌದಪಾ, ಶಿವರಾಜ. ನಾಕಽ ಆಗಿದ್ವು."